ಬಲಗಾಲಿನ ಬಗ್ಗೆ ಗಂಭೀರ ಸಮಾಲೋಚನೆ

ಸೌತ್‌ಲೇಕ್
ಏಪ್ರಿಲ್ 19, 2015

ಡ್ರೈ ಫೋರ್ಕ್ ಸಂಸ್ಥಾನದ ಏಕೈಕ ಕನ್ನಡ ಕುಮಾರನೂ, ಅಲ್ಲಿನ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಪಡೆಯ ಪ್ರಧಾನ ಒದೆಗಾರನೂ, ನನಗಿಂತ ನಾಲ್ಕು ತಿಂಗಳು ಚಿಕ್ಕವನೂ ಆದ ತರುಣನಿಗೆ,

ದೊಡ್ಡಮ್ಮನ ಮಗ ಅನಿರುದ್ಧನ ಕಾಗದ. ನೀನು ಚೆನ್ನಾಗಿದ್ದೀಯ ಎಂದು ಪೇಪರಿನಲ್ಲೇ ಬಂದಿದೆ, ಹಾಗಾಗಿ ಕೇಳುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನು ಅಪ್ಪನ ಬೀರುವಿನಲ್ಲಿ ಸೆರೆವಾಸ ಅನುಭವಿಸುತ್ತಿದೆ. ಅಪರಾಧ ಇಷ್ಟೇ. ಇರ್ವಿಂಗ್‌ನಲ್ಲಿ ಯುಗಾದಿ ಕಾರ್ಯಕ್ರಮ. ಸಂಘದ ಅಧ್ಯಕ್ಷ ಮೋಹನರಾಜ ಅಂಕಲ್ ಭಾಷಣ ಇಪ್ಪತ್ತೈದನೇ ನಿಮಿಷಕ್ಕೆ ಕಾಲಿಟ್ಟಿತ್ತು. ನಾನು ಪಕ್ಕದ ಮೈಕ್ ಹಿಡಿದು, ಸಾವಿನ ಸುದ್ದಿ ಓದುವ ಧ್ವನಿಯಲ್ಲಿ, "ಬೆಳ್ಳಿ ಬಣ್ಣದ ಹೋಂಡಾ ಅಕಾರ್ಡ್, ಹೆಡ್‌ಲೈಟ್ ಆನ್ ಇದೆ" ಎಂದು ಪ್ರಕಟಿಸಿದೆ. ಅರವತ್ತು ಜನ ಗಂಡಸರು ಎದ್ದು ಪಾರ್ಕಿಂಗ್ ಲಾಟಿಗೆ ಓಡಿದರು. ಅಧ್ಯಕ್ಷರೂ ಓಡಿದರು. ತೀರ್ಪು: ಹೈಸ್ಕೂಲ್ ಮುಗಿಯುವವರೆಗೆ ಫೋನಿಲ್ಲ. ಇಮೇಲ್ ಅಮ್ಮ ಓದುತ್ತಾಳೆ. ಉಳಿದದ್ದು ಅಂಚೆ ಇಲಾಖೆ.

ಈಗ ಮುಖ್ಯ ವಿಷಯ. ಸರೋಜಾ ಚಿಕ್ಕಮ್ಮ, ಅಂದರೆ ನಿನ್ನ ಮಾತೃಶ್ರೀ, ಕಳಿಸಿದ ಪೇಪರ್ ಕಟಿಂಗ್ ನಮ್ಮ ಫ್ರಿಜ್ ಮೇಲೆ ಪ್ರತಿಷ್ಠಾಪನೆಯಾಗಿದೆ. ಆ ಜಾಗದಲ್ಲಿ ಮೊದಲು ನನ್ನ ಕಾಲೇಜು ಪ್ರವೇಶದ ಎಸ್‌ಎಟಿ ಅಂಕಗಳಿದ್ದವು. ಈಗ ಅವುಗಳ ಮೇಲೆ ನಿನ್ನ ತೊಡೆ ಬಂದು ಕೂತಿದೆ. ಅಮ್ಮ ಹಾಲು ತೆಗೆಯುವಾಗ ಒಂದು ಸಲ, ಹಾಲು ಇಡುವಾಗ ಒಂದು ಸಲ, "ನಲವತ್ತೇಳು ಗಜ ಅಂತೆ ಕಣೋ!" ಎನ್ನುತ್ತಾಳೆ. ಅಷ್ಟು ದೂರದಿಂದ ನೀನು ಎರಡು ಕಂಬಗಳ ನಡುವೆ ಚೆಂಡು ಒದ್ದೆ ಎಂದು ಗೊತ್ತು, ಗಜ ಅಂದರೆ ಎಷ್ಟು ಎಂದು ಅವಳಿಗೆ ಗೊತ್ತಿಲ್ಲ. ಸೀರೆ ಅಳತೆಯಲ್ಲಿ ಯೋಚಿಸುತ್ತಿದ್ದಾಳೆ ಎಂದು ನನ್ನ ಅನುಮಾನ.

ಚಿಕ್ಕಪ್ಪ ಡಲ್ಲಾಸ್‌ನಲ್ಲಿ ಡಾಕ್ಟರ್ ಟ್ರೈನಿಂಗ್‌ನಲ್ಲಿದ್ದಾಗ, ಇರ್ವಿಂಗ್ ಅಪಾರ್ಟ್‌ಮೆಂಟಿನ ಹಿಂದೆ, ಆ ಕಾಲಿಗೆ ಒದೆಯುವುದನ್ನು ಕಲಿಸಿದ್ದು ಯಾರು ಎಂದು ಪೇಪರಿನವರು ಬರೆದಿಲ್ಲ. ಮರೆತಿರಬೇಕು. ಇಲ್ಲಿ ನಮ್ಮ ತಂಡದಲ್ಲಿ ನೂರಮೂವತ್ತು ಹುಡುಗರು, ಮೂವರು ಕಿಕ್ಕರ್‌ಗಳು, ನಾನು ಮೂರನೆಯವನು. ಎರಡು ವರ್ಷದಲ್ಲಿ ಮ್ಯಾಚ್ ನಡೆಯುವಾಗ ನಾನು ಒದ್ದಿರುವುದು ಒಂದೇ ವಸ್ತು, ನೀರಿನ ಡ್ರಮ್. ಅದೂ ಆಕಸ್ಮಿಕ. ನೀನು ಮಾತ್ರ ಎಂಟುನೂರು ಜನರ ಊರಲ್ಲಿ, ಹನ್ನೊಂದು ಜನ ಸಿಕ್ಕದೆ ಆರೇ ಜನ ಆಡುವ ಆಟದಲ್ಲಿ, ಪ್ರತಿ ಶುಕ್ರವಾರ ಹೀರೋ. ನಿಮ್ಮ ಆಟದ ಕಂಬಗಳ ನಡುವಿನ ಜಾಗ ನಮ್ಮದಕ್ಕಿಂತ ಅಗಲ, ಅಡ್ಡಪಟ್ಟಿ ಒಂದಡಿ ಕೆಳಗೆ. ಇದನ್ನು ಅಮ್ಮನಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಮುಂದಿನ ತಿಂಗಳು ಆಟಗಾರರನ್ನು ಆರಿಸಲು ಕಾಲೇಜು ಕೋಚ್‌ಗಳು ನಮ್ಮ ಸ್ಕೂಲಿಗೆ ದಂಡೆತ್ತಿ ಬರುತ್ತಾರೆ. ನಿಮ್ಮೂರಿಗೆ ಹಸು ಡಾಕ್ಟರ್ ಬರುವುದೇ ಅಪರೂಪ ಅಂತಲ್ಲ?

ಇತಿ, ದೂರವಾಣಿ ವಂಚಿತ
ಅನಿರುದ್ಧ್


ಡ್ರೈ ಫೋರ್ಕ್
ಮೇ 3, 2015

ಲೋ ಅನಿ,

ನಿನ್ನ ಕಾಗದ ಓದಿ ಅಮ್ಮ ಎಷ್ಟು ನಕ್ಕಳು ಅಂದರೆ ಒಗ್ಗರಣೆ ಸೀದು ಹೋಯಿತು. ಪೇಪರಿನವನು ಕೇಳಿದಾಗ ನಿನ್ನ ಹೆಸರು ಹೇಳಿದ್ದೆ ಕಣೋ, ದೇವರಾಣೆ. ಅವನಿಗೆ ಬರೆದುಕೊಳ್ಳೋಕೆ ಆಗಲಿಲ್ಲ.

ನೀನು ತಮಾಷೆಗೆ ಬರೆದಿದ್ದೀಯ, ಆದರೆ ಅದೇ ನನ್ನ ಸಮಸ್ಯೆ. ಇಲ್ಲಿಗೆ ಯಾರೂ ಬರಲ್ಲ. ನಮ್ಮ ಕೋಚ್ ಡಗ್ಗನ್ ಹದಿನೇಳು ಕಾಲೇಜಿಗೆ ವಿಡಿಯೋ ಲಿಂಕ್ ಕಳಿಸಿದರು. ಒಬ್ಬರೂ ತೆರೆದು ನೋಡಿಲ್ಲ. ಆರು ಜನರ ಆಟ ಅಂದ ತಕ್ಷಣ ಮುಚ್ಚಿಡ್ತಾರಂತೆ. ಕೈಗೆ ಕೊಟ್ಟರೆ ಮಾತ್ರ ನೋಡ್ತಾರೆ ಅಂತಾರೆ ಕೋಚ್. ನಮ್ಮ ಆಟದಲ್ಲಿ ಕಂಬದ ನಡುವೆ ಒದ್ದ ಫೀಲ್ಡ್ ಗೋಲ್‌ಗೆ ಮೂರಲ್ಲ, ನಾಲ್ಕು ಪಾಯಿಂಟ್, ಆದ್ದರಿಂದ ನಾನು ಒದ್ದಷ್ಟು ಸಲ ನಿಮ್ಮ ಕಡೆ ಯಾವ ಕಿಕ್ಕರೂ ಒದ್ದಿರಲ್ಲ. ಮೂವತ್ತೊಂದರಲ್ಲಿ ಇಪ್ಪತ್ತೇಳು.

ಅಪ್ಪ ಒಂದು ಕರಾರು ಹಾಕಿದ್ದಾರೆ. ಮುಂದಿನ ಜೂನ್‌ಗೆ ಅವರ ಹಳ್ಳಿ ಆಸ್ಪತ್ರೆ ಕೆಲಸದ ಮೂರು ವರ್ಷ ಮುಗಿಯುತ್ತೆ, ನನ್ನ ಹೈಸ್ಕೂಲೂ ಮುಗಿಯುತ್ತೆ. ಮೊನ್ನೆ ಊಟಕ್ಕೆ ಕೂತಾಗ ಹೇಳಿದರು: "ನೋಡು ತಮ್ಮಾ, ಆಡೋದಾದ್ರ ಆಡು, ನಾ ಏನೂ ಅನ್ನಂಗಿಲ್ಲ. ಆದ್ರ ಫೆಬ್ರವರಿ ಒಳಗ ಯಾವುದರ ಒಂದು ಕಾಲೇಜಿನಿಂದ, ಲೆಟರ್‌ಹೆಡ್ ಮ್ಯಾಲೆ, ಸಹಿ ಮಾಡಿದ ಕಾಗದ ಬರಬೇಕು. ಬರಲಿಲ್ಲಂದ್ರ ಹುಬ್ಬಳ್ಳಿಗೆ ಹೋಗಿ ಎಂಬಿಬಿಎಸ್ ಮಾಡು." ಎನ್‌ಆರ್‌ಐ ಸೀಟಿಗೆ ಮಾತಾಡಿ ಇಟ್ಟಿದ್ದಾರೆ.

ನನಗೆ ಡಾಕ್ಟರ್ ಆಗೋದು ಬೇಡ ಅಂತಲ್ಲ. ಆದರೆ ಇನ್ನು ನಾಲ್ಕು ವರ್ಷ ಒದೆಯಬೇಕು ಅನಿ. ಚೆಂಡು ಕಾಲಿಗೆ ಸರಿಯಾಗಿ ಸಿಕ್ಕಿದಾಗ ಸದ್ದು ಬರಲ್ಲ, ಅದು ನಿನಗೂ ಗೊತ್ತಲ್ಲ.

ಪೆನ್ ಡ್ರೈವ್ ಹಾಕಿದ್ದೇನೆ. ನಿಮ್ಮ ಸ್ಕೂಲಿಗೆ ಬರುವವರಲ್ಲಿ ಒಬ್ಬರ ಕೈಗೆ ಕೊಡು. ಒಬ್ಬರೇ ಸಾಕು.

ತರುಣ್


ಸೌತ್‌ಲೇಕ್
ಮೇ 23, 2015

ಪ್ರಿಯ ತರುಣ,

ದಂಡಯಾತ್ರೆಯ ವರದಿ ಒಪ್ಪಿಸುತ್ತಿದ್ದೇನೆ, ಎದ್ದು ನಿಂತು ಓದು.

ಒಂದು ವಾರದಲ್ಲಿ ಇಪ್ಪತ್ತೆರಡು ಕೋಚ್‌ಗಳು ಬಂದರು. ಎಲ್ಲರಿಗೂ ಕಾಲರ್ ಟೀ ಶರ್ಟು, ಎಲ್ಲರಿಗೂ ಹೊಟ್ಟೆ, ಎಲ್ಲರ ಕುತ್ತಿಗೆಯಲ್ಲೂ ಸ್ಟಾಪ್‌ವಾಚು. ತಂತಿಬೇಲಿಯಾಚೆ ನಿಂತು, ಸಂಬಂಧಕ್ಕೆ ಬಂದವರ ಥರ, ಮಾತಾಡದೆ ಹುಡುಗರ ಕಾಲು ಕೈ ನೋಡುತ್ತಾರೆ. ನಮ್ಮ ಮೊದಲನೇ ಕಿಕ್ಕರ್ ಒದ್ದಾಗ ಏಳು ಜನ ಬರೆದುಕೊಂಡರು. ಎರಡನೆಯವನಿಗೆ ಮೂವರು. ನಾನು ಒದೆಯಲು ಬಂದಾಗ ಅವರಿಗೆಲ್ಲ ಒಟ್ಟಿಗೆ ಕಾಫಿ ನೆನಪಾಯಿತು.

ನಿನ್ನ ಪೆನ್ ಡ್ರೈವ್ ನನ್ನ ಎಡಗಾಲಿನ ಕಾಲುಚೀಲದಲ್ಲಿ ಐದೂ ದಿನ ಬೆವರಿತು. ಶುಕ್ರವಾರ ಹ್ಯೂಸ್ಟನ್‌ನ ಒಂದು ಯೂನಿವರ್ಸಿಟಿಯ ಸಹಾಯಕ ಕೋಚ್ ಉಳಿದುಕೊಂಡು ಎಲ್ಲರ ಕೈ ಕುಲುಕಿದರು, ನನ್ನದನ್ನೂ. ಒಳ್ಳೆಯ ಮನುಷ್ಯ. ಸಮ್ಮರ್ ಕ್ಯಾಂಪಿನ ಕಾಗದ, ಕಾಲೇಜು ಹೆಸರಿನ ಲಕೋಟೆ ಎಲ್ಲರಿಗೂ ಹಂಚಿದರು. ಮುಂದೆ ನಡೆದದ್ದನ್ನು ಕಾಗದದಲ್ಲಿ ಬರೆಯಬಾರದು. ಇಂಥ ವಿಷಯಗಳು ಸೂಕ್ಷ್ಮ. ಕಾರ್ಯ ಯಾವ ರೀತಿ ಆಗಬೇಕೋ ಆ ರೀತಿ ಆಗುತ್ತದೆ ಎಂದಷ್ಟೇ ತಿಳಿದುಕೊ.

ಅಮ್ಮ ನಿನ್ನ ಕಟಿಂಗ್‌ಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದಾಳೆ.

ಅನಿರುದ್ಧ್


ಡ್ರೈ ಫೋರ್ಕ್
ಜೂನ್ 21, 2015

ಅನಿ,

ಕೊಟ್ಟೆಯಾ! ನಿನ್ನ ಕಾಗದ ಕೋಚ್ ಡಗ್ಗನ್‌ಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರು ಟೋಪಿ ತೆಗೆದು, "ನಿನ್ನ ಅಣ್ಣನಿಗೆ ನನ್ನ ಕಡೆಯಿಂದ ಒಂದು ಸ್ಟೇಕ್ ಬಾಕಿ" ಅಂದರು. ನೀನು ಸಸ್ಯಾಹಾರಿ ಅಂದೆ. ಟೋಪಿ ವಾಪಸ್ ಹಾಕಿಕೊಂಡು, "ಸರಿ, ಬೇಯಿಸಿದ ಆಲೂಗಡ್ಡೆ" ಅಂದರು.

ದಿನಾ ಪೋಸ್ಟ್ ಆಫೀಸಿಗೆ ಹೋಗ್ತೀನಿ. ಇಲ್ಲಿ ಮನೆಗೆ ತಂದುಕೊಡಲ್ಲ. ಕೌಂಟರಿನ ಅಜ್ಜಿ ನನ್ನನ್ನು ನೋಡಿದ ಕೂಡಲೇ ದೂರದಿಂದಲೇ ತಲೆ ಅಲ್ಲಾಡಿಸುತ್ತಾಳೆ, ಬಿಸಿಲಲ್ಲಿ ಒಳಗೆ ಬರೋದು ತಪ್ಪಲಿ ಅಂತ. ಅಪ್ಪ ಮಾತ್ರ, "ಹುಬ್ಬಳ್ಳಿಯೊಳಗ ಈಗ ಮಳಿ ಶುರು ಆಗಿರಬೇಕು" ಅಂತ ಸುಮ್ಮನೆ ಹೇಳ್ತಿರ್ತಾರೆ.

ಅವರು ಡ್ರೈವ್ ತಗೊಂಡಾಗ ಏನಂದರು? ಒಂದೇ ಒಂದು ಮಾತಾದರೂ ಬರಿ.

ತರುಣ್


ಡ್ರೈ ಫೋರ್ಕ್
ಆಗಸ್ಟ್ 9, 2015

ಅನೀ,

ಬಂತು ಕಣೋ! ಬಂತು!

ಹ್ಯೂಸ್ಟನ್‌ನಿಂದ. ಅದೇ ಸಹಾಯಕ ಕೋಚ್. ಕಾಲೇಜಿನ ಹೆಸರಿರುವ ಲಕೋಟೆ, ಒಳಗೆ ಟೈಪ್ ಮಾಡಿದ ಕಾಗದ, ಕೆಳಗೆ ಇಷ್ಟುದ್ದದ ಸಹಿ. ಹೆಸರನ್ನು ಕಾಲೇಜಿನ ವೆಬ್‌ಸೈಟಿನಲ್ಲಿ ನೋಡಿದೆ, ಫೋಟೋ ಸಮೇತ ಇದ್ದಾರೆ. ಏನು ಬರೆದಿದ್ದಾರೆ ಗೊತ್ತಾ? "ನಿನ್ನ ಬಲಗಾಲನ್ನು ಕುರಿತು ನಮ್ಮ ಸಿಬ್ಬಂದಿಯ ನಡುವೆ ಗಂಭೀರ ಸಮಾಲೋಚನೆ ನಡೆದಿದೆ." ಆಮೇಲೆ, "ಆ ಕಾಲನ್ನು ಮೆಟ್ಟಿಲು, ಕುದುರೆ ಮತ್ತು ಸೋದರಸಂಬಂಧಿಗಳಿಂದ ಜೋಪಾನವಾಗಿ ಕಾಪಾಡತಕ್ಕದ್ದು." ಎಷ್ಟು ಚೆನ್ನಾಗಿ ಬರೀತಾರೆ ಅಲ್ವಾ?

ನವೆಂಬರ್ 14ಕ್ಕೆ ಅವರ ಮ್ಯಾಚ್‌ಗೆ ಅತಿಥಿಯಾಗಿ ಬರಬೇಕಂತೆ, ಮನೆಯವರ ಜೊತೆ, ನಾಲ್ಕನೇ ಗೇಟಿಗೆ. ಸೀಟಿನ ಮಾತು ಅಲ್ಲೇ. ಅಲ್ಲಿಯತನಕ ನಾವು ಫೋನ್ ಮಾಡಬಾರದು, ಬರೆಯಬಾರದು, ನಿಯಮ ಇದೆಯಂತೆ.

ಅಪ್ಪ ಆ ಕಾಗದವನ್ನು ಆಸ್ಪತ್ರೆಗೆ ಒಯ್ದು ಲ್ಯಾಮಿನೇಟ್ ಮಾಡಿಸಿದರು. ಅಮ್ಮ ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ನಿನ್ನೆ ಹುಬ್ಬಳ್ಳಿಗೆ ಫೋನ್ ಮಾಡಿ ಸೀಟು ಬೇಡ ಅಂದರು. ಅಪ್ಪ ಫೋನ್ ಇಟ್ಟು ಕನ್ನಡಕ ಒರೆಸಿಕೊಂಡರು. ಅವರು ಅಳೋದನ್ನು ನಾನು ನೋಡಿಲ್ಲ, ಅದೂ ಅಳು ಅಲ್ಲ ಅನ್ಸುತ್ತೆ. "ಅನಿರುದ್ಧ ಇದ್ದದ್ದಕ್ಕ ಆತು. ಅಣ್ಣಂದ್ರಂದ್ರ ಹಿಂಗಿರಬೇಕು," ಅಂದರು.

ನೀನು ಜುಲೈ ಪೂರ್ತಿ ಯಾಕೆ ಬರೀಲಿಲ್ಲ?

ತರುಣ್


ಸೌತ್‌ಲೇಕ್
ಆಗಸ್ಟ್ 16, 2015

ಚಿರಂಜೀವಿ ತರುಣನಿಗೆ ಅಭಿನಂದನೆಗಳು. ಸುದ್ದಿ ಚಿಕ್ಕಮ್ಮನ ಫೋನಿನಿಂದ ಭಾನುವಾರವೇ ತಿಳಿಯಿತು. ಅಮ್ಮ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ. ಕಾಲನ್ನು ಜೋಪಾನ ಮಾಡು.

ಅನಿರುದ್ಧ್


ಸೌತ್‌ಲೇಕ್
ಆಗಸ್ಟ್ 16, 2015

ತರುಣ,

ಮೇಲಿನದು ಅಂಚೆಗೆ. ಇದು ನನ್ನ ಕೆಮಿಸ್ಟ್ರಿ ಪುಸ್ತಕದೊಳಗೆ.

ಆ ಕಾಗದ ನಾನು ಬರೆದದ್ದು. ನೀನು ಅದನ್ನು ಓದಿ ಎರಡನೇ ಸಾಲಿಗೇ ಬಿದ್ದು ಬಿದ್ದು ನಗುತ್ತೀಯ, "ಥೂ ಅನಿ" ಎಂದು ವಾಪಸ್ ಬರೆಯುತ್ತೀಯ ಎಂದುಕೊಂಡಿದ್ದೆ. ಕುದುರೆ, ಸೋದರಸಂಬಂಧಿ ಎಂದೆಲ್ಲ ಬರೆದೆನಲ್ಲ, ಅದಕ್ಕಿಂತ ಜೋರಾಗಿ ಹೇಗೆ ಹೇಳಲಿ? ಲಕೋಟೆ ಮೇಲಿನ ಅಂಚೆ ಮುದ್ರೆಯಾದರೂ ನೋಡಬಾರದೆ? ಹ್ಯೂಸ್ಟನ್‌ನದಲ್ಲ ಅದು, ನಮ್ಮ ಕಡೆಯದು. ನೀವು ಯಾರೂ ನೋಡಲಿಲ್ಲ. ಲೆಟರ್‌ಹೆಡ್ ಇತ್ತು, ಸಹಿ ಇತ್ತು, ಕುಂಕುಮ ಬಿತ್ತು.

ಪೆನ್ ಡ್ರೈವ್ ಕೊಡಲಿಲ್ಲ. ಕೊಡಲು ಬಗ್ಗಿದ್ದೆ, ಕಾಲುಚೀಲಕ್ಕೆ ಬೆರಳು ಹಾಕಿದ್ದೆ. ಆ ಕೋಚ್ ನನ್ನ ಕೈ ಕುಲುಕಿ, "ಮ್ಯಾಚಿನಲ್ಲಿ ಎಷ್ಟು ಒದ್ದಿದ್ದೀಯ ಮಗ?" ಎಂದು ಕೇಳಿದರು. ಸೊನ್ನೆ ಎಂದೆ. ಅವರು ಬಹಳ ಮೃದುವಾಗಿ, "ಪರವಾಗಿಲ್ಲ" ಎಂದರು. ಪರವಾಗಿಲ್ಲ ಎಂದವರ ಕೈಗೆ ಇಪ್ಪತ್ತೇಳು ಒದ್ದವನ ವಿಡಿಯೋ ಹೇಗೆ ಕೊಡಲಿ? ಕಾಲುಚೀಲ ಮೇಲೆಳೆದುಕೊಂಡು ನಿಂತೆ.

ನಾನು ಕಲಿಸಿದ ಕಾಲು ಅದು. ನನ್ನ ಕಾಲಿಗೆ ಯಾಕೆ ಬರಲಿಲ್ಲ?

ಇದು ತಮಾಷೆಯಾಗಿತ್ತು ಎಂದು ಎರಡು ವಾರ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಅಲ್ಲ. ನವೆಂಬರ್ ಎಂದು ಯಾಕೆ ಬರೆದೆ, ಗೇಟ್ ನಂಬರ್ ಯಾಕೆ ಬರೆದೆ? ಒಂದು ಸಲ ನೀನೂ ಯಾರೂ ಕರೆಯದ ಕಡೆ ಹೋಗಿ ನಿಲ್ಲಬೇಕು, ಸುತ್ತ ಎಲ್ಲರೂ ಒಳಗೆ ಹೋಗುತ್ತಿರಬೇಕು ಎಂದು ಆಸೆಯಾಗಿತ್ತು.

ಪಾಯಸದಲ್ಲಿ ದ್ರಾಕ್ಷಿ ಜಾಸ್ತಿ ಇತ್ತು. ಅಮ್ಮ ನನ್ನ ಹುಟ್ಟುಹಬ್ಬಕ್ಕೂ ಅಷ್ಟು ಹಾಕುವುದಿಲ್ಲ.


ಡ್ರೈ ಫೋರ್ಕ್
ಅಕ್ಟೋಬರ್ 4, 2015

ಅನಿ,

ಎರಡು ಸುದ್ದಿ. ಒಂದು, ಹೋದ ಶುಕ್ರವಾರ ಐವತ್ತೊಂದು ಗಜ. ಗಾಳಿ ಎದುರು. ಎದುರು ತಂಡದ ಕೋಚ್ ಬಂದು ನನ್ನ ಬೂಟು ಎತ್ತಿ ನೋಡಿದರು, ಒಳಗೆ ಏನಾದರೂ ಇಟ್ಟಿದ್ದೀನಾ ಅಂತ.

ಎರಡನೇದು, ಅವರೇ ಆಸ್ಟಿನ್ ಹತ್ತಿರದ ಒಂದು ಚಿಕ್ಕ ಕಾಲೇಜಿಗೆ ಹೇಳಿದರಂತೆ. ಅಲ್ಲಿನ ಕೋಚ್ ರೀವ್ಸ್ ಮಂಗಳವಾರ ಮನೆಗೇ ಫೋನ್ ಮಾಡಿದರು. "ಹುಡುಗನನ್ನು ಕರಕೊಂಡು ಬನ್ನಿ, ನಮ್ಮ ಮೈದಾನದಲ್ಲಿ ಒದೆಯಲಿ, ನೋಡೋಣ" ಅಂದರು. ಕೋಚ್ ಡಗ್ಗನ್ ಟ್ರಕ್ ಸ್ಟಾರ್ಟ್ ಮಾಡೋಕೆ ರೆಡಿ.

ಅಪ್ಪ ಬೇಡ ಅಂದುಬಿಟ್ಟರು. "ಒಂದು ಕಡೆ ಮಾತು ಆಗೇದ. ನಿಶ್ಚಯ ಆದಮ್ಯಾಲೆ ಇನ್ನೊಂದು ಮನಿಯವರಿಗೆ ಹುಡುಗನ್ನ ತೋರಸೋದು ಚಂದ ಅಲ್ಲ. ಹ್ಯೂಸ್ಟನ್ನಿನವರಿಗೆ ಗೊತ್ತಾದ್ರ ಏನ್ ತಿಳಕೋತಾರ?" ಅಂತ. ಕೋಚ್ ಡಗ್ಗನ್, "ಡಾಕ್ಟರ್, ಇಲ್ಲಿ ಎಲ್ಲರೂ ನಾಲ್ಕು ಕಡೆ ತೋರಿಸುತ್ತಾರೆ, ಇದು ಮದುವೆಯಲ್ಲ" ಅಂತ ಒಂದು ಗಂಟೆ ಹೇಳಿದರು. ಅಪ್ಪ ನಗುತ್ತಾ ಅವರ ಬಿಪಿ ನೋಡಿ ಕಳಿಸಿದರು. ಆಮೇಲೆ ಕೋಚ್ ರೀವ್ಸ್‌ಗೆ ತಾವೇ ಕಾಗದ ಬರೆದರು: ತಮ್ಮ ಆದರಕ್ಕೆ ಋಣಿ, ನಮ್ಮ ಹುಡುಗನ ವಿಷಯ ಬೇರೆ ಕಡೆ ನಿಶ್ಚಯವಾಗಿದೆ, ತಮಗೂ ಒಳ್ಳೆಯ ಕಿಕ್ಕರ್ ಸಿಗಲಿ ಅಂತ.

ನನಗೂ ಅದೇ ಸರಿ ಅನ್ಸುತ್ತೆ. ಮೊದಲು ನಂಬಿದವರು ಹ್ಯೂಸ್ಟನ್ನಿನವರು ತಾನೆ?

ನವೆಂಬರ್ ಹದಿನಾಲ್ಕಕ್ಕೆ ನೀನೂ ಬಾರೋ. ನಿನ್ನಿಂದಲೇ ಆಗಿದ್ದು.

ತರುಣ್


ಸೌತ್‌ಲೇಕ್
ನವೆಂಬರ್ 5, 2015

ತರುಣ,

ಹ್ಯೂಸ್ಟನ್‌ಗೆ ಹೋಗಬೇಡಿ. ಆ ಕಾಗದ ನಾನು ಬರೆದದ್ದು. ಹಂಚಿದ ಕಾಗದದಿಂದ ನಕಲು ಮಾಡಿದ ಲೆಟರ್‌ಹೆಡ್ ಮತ್ತು ಸಹಿ, ಹಂಚಿದ ಲಕೋಟೆ, ನಮ್ಮ ಸ್ಕೂಲ್ ಲೈಬ್ರರಿಯ ಪ್ರಿಂಟರ್. ಆಗಸ್ಟ್‌ನಲ್ಲಿ ಬರೆದು ಕಳಿಸದೆ ಇಟ್ಟುಕೊಂಡದ್ದನ್ನೂ ಜೊತೆಗೆ ಹಾಕಿದ್ದೇನೆ. ಅದರಲ್ಲಿ ಎಲ್ಲ ಇದೆ. ಅದಕ್ಕಿಂತ ಚೆನ್ನಾಗಿ ಕಾಣುವಂತೆ ಈಗ ಬರೆಯಲು ಬರುವುದಿಲ್ಲ.

ಆಸ್ಟಿನ್ ವಿಷಯ ಓದಿದಾಗ ನನಗೆ ಮೊದಲು ಬಂದದ್ದು ಗಾಬರಿಯಲ್ಲ. ಹೊಟ್ಟೆಕಿಚ್ಚು. ನಾನು ಸುಳ್ಳು ಸುಳ್ಳೇ ಬರೆದದ್ದನ್ನು ಇನ್ನೊಬ್ಬರು ನಿಜವಾಗಿ ಫೋನ್ ಮಾಡಿ ಹೇಳಿದರಲ್ಲ ಎಂದು. ಗಾಬರಿ ಆಮೇಲೆ ಬಂತು.

ಅನಿರುದ್ಧ್

ನವೆಂಬರ್ 12, ಗುರುವಾರ. ಇದನ್ನು ಇವತ್ತು ಡಬ್ಬಿಗೆ ಹಾಕುತ್ತಿದ್ದೇನೆ. ಏಳು ದಿನ ಬ್ಯಾಗಿನಲ್ಲಿತ್ತು. ಶನಿವಾರದೊಳಗೆ ತಲುಪುವುದಿಲ್ಲ ಎಂದು ಗೊತ್ತು. ಅಮ್ಮನ ಫೋನು ಅಡುಗೆಮನೆ ಕಟ್ಟೆಯ ಮೇಲೆ ಏಳೂ ದಿನ ಇತ್ತು. ಅದೂ ಗೊತ್ತು.


ಡ್ರೈ ಫೋರ್ಕ್
ನವೆಂಬರ್ 22, 2015

ಅನಿರುದ್ಧ್,

ಏನೇನಾಯ್ತು ಅಂತ ನಿನಗೆ ಗೊತ್ತಿರಬೇಕು, ಅದಕ್ಕೆ ಬರೀತಿದ್ದೀನಿ.

ಶುಕ್ರವಾರ ಏಳು ಗಂಟೆ ಡ್ರೈವ್ ಮಾಡಿ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಸಿದ್ರಾಮಪ್ಪ ಅಂಕಲ್ ಮನೇಲಿ ಉಳಿದೆವು. ಅಪ್ಪನ ಹುಬ್ಬಳ್ಳಿ ಗೆಳೆಯರು. ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದರು. ಲ್ಯಾಮಿನೇಟ್ ಮಾಡಿದ ಕಾಗದ ಕೈಯಿಂದ ಕೈಗೆ ಹೋಯ್ತು.

ಬೆಳಿಗ್ಗೆ ಅಪ್ಪ ಸೂಟ್ ಹಾಕಿದರು. ನಾಲ್ಕನೇ ಗೇಟಿನಲ್ಲಿ ಒಬ್ಬ ಹೆಂಗಸು ಕಾಗದ ಎರಡು ಸಲ ಓದಿ ವಾಕಿಟಾಕಿಯಲ್ಲಿ ಮಾತಾಡಿದಳು. ಒಂದು ಗಂಟೆ ನಿಂತೆವು. ಬ್ಯಾಂಡ್‌ನವರು, ಮಕ್ಕಳು, ಎಲ್ಲ ಒಳಗೆ ಹೋದರು. ನೀನು ಅಂದುಕೊಂಡ ಹಾಗೇ. ಕೊನೆಗೆ ಆ ಕೋಚ್ ತಾವೇ ಬಂದರು, ಮ್ಯಾಚಿಗೆ ಮುಂಚೆ, ಓಡುತ್ತಾ. ಅಪ್ಪ ಅವರ ಕೈಗೆ ಧಾರವಾಡ ಪೇಡೆಯ ಡಬ್ಬಿ ಕೊಟ್ಟರು. ಅವರು ಡಬ್ಬಿ ಹಿಡಿದುಕೊಂಡೇ ಕಾಗದ ಓದಿ, "ಸರ್, ಇದನ್ನು ನಾನು ಬರೆದಿಲ್ಲ" ಅಂದರು. ಅಪ್ಪನಿಗೆ ಅರ್ಥ ಆಗಲಿಲ್ಲ. "ನಿಮ್ಮ ಸಹಿ ಅದರಿ ಇಲ್ಲಿ," ಅಂತ ಕನ್ನಡದಲ್ಲೇ ಅಂದುಬಿಟ್ಟರು.

ನಾನು ಕೇಳಿದೆ, ಮೇ ತಿಂಗಳಲ್ಲಿ ನಮ್ಮ ಅಣ್ಣ ನಿಮ್ಮ ಕೈಗೆ ನನ್ನ ವಿಡಿಯೋ ಕೊಟ್ಟನಲ್ಲ? ಅವರು ಯೋಚಿಸಿ, "ಯಾರೂ ಏನೂ ಕೊಡಲಿಲ್ಲ ಮಗ" ಅಂದರು.

ವಾಪಸ್ ಬರುವಾಗ ಅಪ್ಪ ಎರಡು ಗಂಟೆ ಡ್ರೈವ್ ಮಾಡಿ ಪೆಟ್ರೋಲ್ ಹಾಕಿಸಿದರು. ಆಮೇಲೆ ಅಂದರು: "ಅನಿರುದ್ಧ ಕೊಟ್ಟಿರ್ತಾನ. ಇವರ ಕಳಕೊಂಡಿರ್ತಾರ. ನೀ ಅವನ ಮುಂದ ಇದನ್ನೆಲ್ಲ ಹೇಳಬ್ಯಾಡ, ಪಾಪ, ಕೆಟ್ಟ ಅನಸ್ತದ ಅಂವಗ."

ಸೋಮವಾರ ಪೋಸ್ಟ್ ಆಫೀಸಿನಲ್ಲಿ ನಿನ್ನ ಕಾಗದ ಇತ್ತು.

ಎರಡು ದಿನ ಬಿಟ್ಟು ಅಪ್ಪನಿಗೆ ಓದೋಕೆ ಕೊಟ್ಟೆ. ಓದಿ ಮಡಿಸಿ ವಾಪಸ್ ಕೊಟ್ಟರು. ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಅಕ್ಕ ತಂಗಿ ಮಾತು ನಿಲ್ಲುತ್ತೆ. ಹುಬ್ಬಳ್ಳಿ ಸೀಟು ಬೇರೆಯವರಿಗೆ ಹೋಗಿದೆ. ಆಸ್ಟಿನ್‌ನವರನ್ನು ನಾವು ಕೇಳಲ್ಲ. "ಬಿಟ್ಟ ಸಂಬಂಧ ನಾವಾಗೇ ಹೋಗಿ ಕೇಳಂಗಿಲ್ಲ" ಅಂತಾರೆ ಅಪ್ಪ.

ನಿನ್ನ ಕಾಲಿಗೆ ಯಾಕೆ ಬರಲಿಲ್ಲ ಅಂತ ಕೇಳಿದ್ದೀಯ. ಇರ್ವಿಂಗ್‌ನಲ್ಲಿ ನೀನು ದಿನಕ್ಕೆ ಇಪ್ಪತ್ತು ಒದ್ದು, ಎಲ್ಲರನ್ನೂ ನಗಿಸೋಕೆ ಹೋಗ್ತಿದ್ದೆ. ನಾನು ಉಳಿದು ಇನ್ನೂರು ಒದೀತಿದ್ದೆ. ನನಗೆ ನಗಿಸೋಕೆ ಬರ್ತಿರಲಿಲ್ಲ. ನಿನ್ನನ್ನು ನೋಡಿ ನನಗೂ ಹೊಟ್ಟೆ ಉರೀತಿತ್ತು.

ತರುಣ್


ಸೌತ್‌ಲೇಕ್
ಡಿಸೆಂಬರ್ 6, 2015

ತರುಣ,

ಕ್ಷಮಿಸು ಎಂದು ಬರೆದರೆ ನನ್ನ ಕೈಯಲ್ಲಿ ಅದೂ ನಾಟಕದ ಮಾತಾಗುತ್ತದೆ. ಮಾಡಿದ್ದನ್ನು ಬರೆಯುತ್ತೇನೆ.

ಕೋಚ್ ರೀವ್ಸ್‌ಗೆ ಕಾಗದ ಬರೆದೆ. ಇಂಥವನು ನಾನು, ಇಂಥ ಸುಳ್ಳು ಬರೆದೆ, ಅದನ್ನು ನಂಬಿ ಆ ಮನೆಯವರು ನಿಮ್ಮನ್ನು ಬೇಡ ಎಂದರು, ತಪ್ಪು ಅವರದಲ್ಲ, ದಯವಿಟ್ಟು ನೀವಾಗಿಯೇ ಇನ್ನೊಮ್ಮೆ ಫೋನ್ ಮಾಡಿ, ಅವರಾಗಿ ಮಾಡುವುದಿಲ್ಲ. ಪೆನ್ ಡ್ರೈವ್ ಜೊತೆಗಿಟ್ಟೆ. ಅಪ್ಪ ಅಮ್ಮನಿಗೆ ತೋರಿಸಿ, ಅವರ ಎದುರೇ ಲಕೋಟೆ ಅಂಟಿಸಿದೆ. ಅಮ್ಮ ನನ್ನನ್ನು ಬೈಯಲಿಲ್ಲ. ತಟ್ಟೆಗೆ ಅನ್ನ ಹಾಕಿ ಎದ್ದು ಹೋದಳು. ಚಿಕ್ಕಮ್ಮನಿಗೆ ಅವಳೇ ಫೋನ್ ಮಾಡಿ ಹೇಳಿದ್ದಾಳೆ. ಇಬ್ಬರೂ ಅತ್ತಿದ್ದಾರೆ, ಮಾತು ನಿಂತಿಲ್ಲ.

ಈ ಕಾಗದಕ್ಕೆ ಉತ್ತರ ಬೇಡ.

ಅನಿರುದ್ಧ್


ಡ್ರೈ ಫೋರ್ಕ್
ಜನವರಿ 4, 2016

ಕೋಚ್ ರೀವ್ಸ್ ಫೋನ್ ಮಾಡಿದ್ದರು. ಜನವರಿ 16, ಶನಿವಾರ, ಹತ್ತು ಗಂಟೆಗೆ, ಆಸ್ಟಿನ್. ಹದಿನೈದು ಒದೆತ. ನನಗೆ ಚೆಂಡು ಹಿಡಿದು ನಿಲ್ಲಿಸುವ ಹುಡುಗ ಬಾಸ್ಕೆಟ್‌ಬಾಲ್ ಆಡಿ ಕೈ ಮುರಿದುಕೊಂಡಿದ್ದಾನೆ. ನನ್ನ ಹೆಜ್ಜೆ ಲೆಕ್ಕ ಗೊತ್ತಿರುವ ಇನ್ನೊಬ್ಬ ನೀನೇ. ಬಂದು ಹಿಡಿ. ನಾನು ನಿನ್ನ ಜೊತೆ ಮಾತಾಡಲ್ಲ, ನೀನೂ ಮಾತಾಡಬೇಡ.

ತರುಣ್


ಸೌತ್‌ಲೇಕ್
ಜನವರಿ 19, 2016

ತರುಣ,

ಮಾತಾಡಬೇಡ ಎಂದೆ, ಆಡಲಿಲ್ಲ. ಬರೆಯಬೇಡ ಎಂದಿರಲಿಲ್ಲ.

ಚೆಂಡು ಹಿಡಿಯುವವನಿಗೆ ಒದೆತ ಕಾಣುವುದಿಲ್ಲ. ಮೊಣಕಾಲೂರಿ, ಬರುವ ಚೆಂಡು ಹಿಡಿದು, ನೆಲಕ್ಕೆ ನಿಲ್ಲಿಸಿ, ತುದಿಗೆ ಒಂದು ಬೆರಳಿಟ್ಟು, ಹುಲ್ಲು ನೋಡುತ್ತಿರಬೇಕು. ಕಿವಿಯ ಪಕ್ಕ ಒಂದು ಕಾಲು ಬಂದು ಹೋಗುತ್ತದೆ. ಆಮೇಲೆ ತಲೆ ಎತ್ತಿದರೆ ಚೆಂಡು ಆಗಲೇ ಎಲ್ಲೋ. ಅವರ ಕಂಬಗಳ ನಡುವಿನ ಜಾಗ ಕಿರಿದು, ಪಟ್ಟಿ ಎತ್ತರ. ಮೊದಲ ಎರಡು ನೀನು ತಪ್ಪಿದೆ. ಚಿಕ್ಕಪ್ಪ ಬೇಲಿಯ ಬಳಿ ಕೈ ಕಟ್ಟಿ ನಿಂತಿದ್ದರು, ಸೂಟ್ ಇರಲಿಲ್ಲ.

ಒಂದು ವಿಷಯ ನಿನಗೆ ತಿಳಿಯಬೇಕು. ಒಂಬತ್ತನೆಯದಕ್ಕೆ, ನಲವತ್ತೆಂಟು ಗಜಕ್ಕೆ, ನೀನು ಹೆಜ್ಜೆ ಎಣಿಸಿಕೊಳ್ಳುತ್ತಿದ್ದಾಗ, ನನ್ನ ಬೆರಳು ಯೋಚಿಸಿತು. ಅರ್ಧ ಇಂಚು ವಾಲಿಸಿದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ, ನಿನಗೂ. ಇಷ್ಟೆಲ್ಲ ಆದ ಮೇಲೂ ಆ ಯೋಚನೆ ಬಂತು. ಚೆಂಡು ನೇರ ನಿಂತಿತ್ತು. ನೀನು ಒದ್ದೆ, ಸದ್ದೇ ಬರಲಿಲ್ಲ. ಕೋಚ್ ರೀವ್ಸ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

ಆಗಲೂ ಹೊಟ್ಟೆ ಉರಿಯಿತು. ಆದರೆ ಹತ್ತನೆಯದಕ್ಕೂ ಚೆಂಡನ್ನು ನೇರವಾಗಿಯೇ ನಿಲ್ಲಿಸಿದೆ.

ಹದಿನೈದನೆಯದರಲ್ಲಿ ನಿನ್ನ ಬೂಟು ನನ್ನ ಬೆರಳಿಗೆ ಬಡಿಯಿತು. ಉಗುರು ಕಪ್ಪಾಗಿದೆ, ಬರೆಯುವಾಗ ನೋಯುತ್ತದೆ. ಹದಿನಾಲ್ಕು ಸಲ ಕೂದಲೆಳೆಯಷ್ಟೂ ತಾಗದ ಬೂಟು ಕೊನೆಯದಕ್ಕೆ ಯಾಕೆ ತಾಗಿತು ಎಂದು ಕೇಳುವುದಿಲ್ಲ.

ಅನಿರುದ್ಧ್


ಡ್ರೈ ಫೋರ್ಕ್
ಫೆಬ್ರವರಿ 3, 2016

ಅನಿ,

ಆಸ್ಟಿನ್‌ನಿಂದ ಕಾಗದ ಬಂತು. ಅಪ್ಪ ಕಾಲೇಜಿಗೆ ಎರಡು ಸಲ ಫೋನ್ ಮಾಡಿ, ಇದು ನೀವೇ ಬರೆದದ್ದಾ ಅಂತ ಕೇಳಿದರು. ಅವರೇ ಅಂತೆ. ಆಗಸ್ಟ್ ಮೊದಲ ವಾರ ಸೇರಬೇಕು.

ನಿನ್ನ ಬೆರಳಿಗೆ ಬೇಕಂತಲೇ ಒದ್ದೆ. ಚೆಂಡೂ ಕಂಬದ ನಡುವೆ ಹೋಯ್ತು, ನೋಡಿದೆಯಾ?

ತರುಣ್